ಊರಿನವರೆಗೆ ಒಂದು ದರ, ಬೆಟ್ಟಕ್ಕೆ ಇನ್ನೊಂದು: ಸ್ವಿಸ್ ಚಾರಣ ಮತ್ತು ರೈಲು ಪಾಸು

ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಒಂದು ವಾರ ನಡೆದಾಡಿ ಬರಬೇಕೆಂದು ಹೊರಡುವವರ ಖರ್ಚಿನಲ್ಲಿ ವಿಮಾನ ಮತ್ತು ವಸತಿಯ ನಂತರದ ದೊಡ್ಡ ಬಾಬತ್ತು ಸಾಮಾನ್ಯವಾಗಿ ರೈಲು ಮತ್ತು ಕೇಬಲ್ ಕಾರುಗಳದ್ದು. ಈ ಖರ್ಚನ್ನು ಒಂದೇ ಏಟಿಗೆ ತೀರಿಸಿಕೊಳ್ಳುವ ಉಪಾಯವೆಂದು ಸ್ವಿಸ್ ಟ್ರಾವೆಲ್ ಪಾಸ್ ಪ್ರಸಿದ್ಧವಾಗಿದೆ. ಸ್ವಿಟ್ಜರ್ಲೆಂಡ್ ಮತ್ತು ಲಿಕ್ಟೆನ್‌ಸ್ಟೈನ್‌ಗಳ ನಿವಾಸಿಗಳಲ್ಲದವರಿಗೆ ಮಾತ್ರ ಸಿಗುವ ಈ ಪಾಸು 3, 4, 6, 8 ಅಥವಾ 15 ದಿನಗಳ ಅವಧಿಗೆ ದೊರೆಯುತ್ತದೆ. ಅದನ್ನು ಕೊಂಡವರು ದೇಶದ ರೈಲು, ಬಸ್ಸು, ದೋಣಿಗಳಲ್ಲಿ ಮತ್ತೆ ಟಿಕೆಟ್ ಕೊಳ್ಳದೆ ಓಡಾಡಬಹುದು. ಇಷ್ಟರ ಮಟ್ಟಿಗೆ ಎಲ್ಲವೂ ನಿಜ. ಆದರೆ ಈ ನಿಜದಿಂದಲೇ ‘ಪಾಸೊಂದಿದ್ದರೆ ಬೆಟ್ಟದ ತುದಿಯವರೆಗೂ ಉಚಿತ’ ಎಂಬ ನಂಬಿಕೆ ಹುಟ್ಟಿಕೊಂಡಿದೆ. ಪಾಸುಗಳ ವಿಷಯದಲ್ಲಿ ಚಾರಣಿಗರಿಗೆ ಅತಿ ಹೆಚ್ಚು ನಷ್ಟ ತರುವ ತಪ್ಪು ಕಲ್ಪನೆ ಇದೇ.

ಪಾಸಿನ ವ್ಯಾಪ್ತಿಯನ್ನು ತೋರಿಸುವ ಅಧಿಕೃತ ನಕ್ಷೆಯನ್ನು ಹತ್ತಿರದಿಂದ ನೋಡಿದರೆ ತಪ್ಪಿನ ಮೂಲ ಕಾಣುತ್ತದೆ. ಇಂಟರ್‌ಲಾಕೆನ್‌ನಿಂದ ಲೌಟರ್‌ಬ್ರುನ್ನೆನ್‌ಗೆ, ಅಲ್ಲಿಂದ ಬೆಟ್ಟದ ಓರೆಯನ್ನೇರಿ ವೆಂಗೆನ್ ಎಂಬ ಹಳ್ಳಿಗೆ ಹೋಗುವ ಹಳಿ ಆ ನಕ್ಷೆಯಲ್ಲಿ ಅಖಂಡ ಗೆರೆಯಾಗಿದೆ. ಅದೇ ಹಳಿ ವೆಂಗೆನ್ ದಾಟಿ 2061 ಮೀಟರ್ ಎತ್ತರದ ಕ್ಲೈನೆ ಶೈಡೆಗ್ ಕಣಿವೆಯತ್ತ ಮುಂದುವರಿದಾಗ ಗೆರೆ ತುಂಡುತುಂಡಾಗುತ್ತದೆ. ಅಖಂಡ ಗೆರೆಯೆಂದರೆ ಪೂರ್ಣ ಉಚಿತ, ತುಂಡುಗೆರೆಯೆಂದರೆ ರಿಯಾಯಿತಿ ಮಾತ್ರ. ಹಳಿ ಒಂದೇ, ಕಂಪನಿಯೂ ಒಂದೇ ಆಗಿದ್ದರೂ ನಡುವೆ ಹೀಗೆ ಗೆರೆ ಮುರಿಯುವುದು ಅಕಾರಣವಾಗಿ ಅಲ್ಲ. ವರ್ಷವಿಡೀ ಕನಿಷ್ಠ 100 ಜನ ವಾಸಿಸುವ ನೆಲೆಯೊಂದನ್ನು ಹೊರಜಗತ್ತಿಗೆ ಜೋಡಿಸುವ ಮಾರ್ಗವನ್ನು ಸ್ವಿಸ್ ಒಕ್ಕೂಟದ ನಿಯಮಗಳು ಸಾರ್ವಜನಿಕ ಸೇವೆಯೆಂದು ಪರಿಗಣಿಸಿ ಸರಕಾರಿ ನೆರವಿಗೆ ಅರ್ಹವಾಗಿಸುತ್ತವೆ. ನೋಟ ನೋಡುವುದಕ್ಕೆಂದೇ ಇರುವ ಮಾರ್ಗಗಳು ತಮ್ಮ ಖರ್ಚನ್ನು ಟಿಕೆಟ್ಟಿನಿಂದಲೇ ತುಂಬಿಕೊಳ್ಳಬೇಕಾಗುತ್ತದೆ. ಪಾಸಿನ ಗಡಿ ಬಹುಮಟ್ಟಿಗೆ ಈ ವಿಭಜನೆಯನ್ನೇ ಅನುಸರಿಸುತ್ತದೆ. ಆದ್ದರಿಂದಲೇ ಹೊರಗಿನ ವಾಹನಗಳು ಬರಲಾರದ ವೆಂಗೆನ್ ಮತ್ತು ಮ್ಯೂರೆನ್ ಹಳ್ಳಿಗಳು, ಬೆಟ್ಟದ ಅಂಚಿನಲ್ಲಿದ್ದರೂ, ಪಾಸಿನೊಳಗೆ ಬರುತ್ತವೆ. ಅವುಗಳ ಮೇಲಿನ ಹುಲ್ಲುಗಾವಲು, ಹಿಮನದಿ, ಶಿಖರಗಳು ಹೊರಗುಳಿಯುತ್ತವೆ. ರೀಗಿ, ಶ್ಟಾನ್ಸರ್‌ಹಾರ್ನ್, ಶ್ಟೋಸ್ ಎಂಬ ಮೂರು ಬೆಟ್ಟಗಳನ್ನು ಪಾಸಿನಲ್ಲೇ ಪೂರ್ತಿಯಾಗಿ ಹತ್ತಬಹುದೆಂಬುದು ಈ ಸಾಮಾನ್ಯ ನಿಯಮಕ್ಕೆ ಸಂತೋಷದ ಅಪವಾದ.

ನಗರದಿಂದ ನಗರಕ್ಕೆ ಹೋಗುವ ಪ್ರವಾಸಿಗೆ ಈ ಗಡಿಯಿಂದ ಹೆಚ್ಚಿನ ತೊಂದರೆಯಿಲ್ಲ. ಚಾರಣಿಗನ ಸ್ಥಿತಿ ಬೇರೆ, ಏಕೆಂದರೆ ಅವನ ದಿನ ಶುರುವಾಗುವುದೇ ಆ ಗೆರೆ ತುಂಡಾಗುವಲ್ಲಿ. ಬೆಳಿಗ್ಗೆ ಗ್ರಿಂಡೆಲ್ವಾಲ್ಡ್‌ನಿಂದ ಕೇಬಲ್ ಕಾರಿನಲ್ಲಿ ಮೆನ್ಲಿಖೆನ್ ಬೆಟ್ಟಕ್ಕೆ ಏರಿ, ಐಗರ್ ಶಿಖರದ ಉತ್ತರ ಗೋಡೆಯನ್ನು ಎದುರಿಗಿಟ್ಟುಕೊಂಡು ಸುಮಾರು ಒಂದೂವರೆ ಗಂಟೆ ನಡೆದು ಕ್ಲೈನೆ ಶೈಡೆಗ್ ತಲುಪಿ, ಅಲ್ಲಿಂದ ರೈಲಿನಲ್ಲಿ ವೆಂಗೆನ್‌ಗೆ ಇಳಿಯುವ ಪ್ರಸಿದ್ಧ ದಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಸ್ವಿಸ್ ಟ್ರಾವೆಲ್ ಪಾಸು ಹೊಂದಿದವರಿಗೆ ಇಲ್ಲಿ ಪೂರ್ತಿಯಾಗಿ ಸಿಗುವುದು ಗ್ರಿಂಡೆಲ್ವಾಲ್ಡ್‌ವರೆಗಿನ ಮತ್ತು ವೆಂಗೆನ್‌ನಿಂದ ಕೆಳಗಿನ ಪ್ರಯಾಣ. ನಡಿಗೆಗೆ ನಿಜವಾಗಿ ಬೇಕಾದ ಮೇಲಿನ ಎರಡೂ ಹಂತಗಳಿಗೆ ಅವರು ಹಣ ತೆರಬೇಕು. ನೆಲೆಸಿದ ಊರಿನ ಸುತ್ತಲೇ ವಾರವಿಡೀ ನಡೆಯುವವರು ಹೀಗೆ ಪಾಸಿನ ಉಚಿತ ಭಾಗವನ್ನು ಕಡಿಮೆ ಬಳಸಿ, ರಿಯಾಯಿತಿಯ ಭಾಗಕ್ಕೆ ದಿನವೂ ಹಣ ಕೊಡುತ್ತಾರೆ.

ಎರಡನೆಯ ತಪ್ಪು ತಿಳಿವಳಿಕೆ ಸ್ವಿಸ್ ಹಾಫ್ ಫೇರ್ ಕಾರ್ಡ್ ಕುರಿತದ್ದು. ಇದು ಒಂದು ತಿಂಗಳ ಕಾಲ ಬಹುತೇಕ ಎಲ್ಲ ರೈಲು, ಬಸ್ಸು, ದೋಣಿ ಮತ್ತು ಬೆಟ್ಟದ ಮಾರ್ಗಗಳ ಟಿಕೆಟ್ಟನ್ನು ಅರ್ಧ ಬೆಲೆಗೆ ಕೊಡಿಸುವ ಕಾರ್ಡು. ಏನನ್ನೂ ಉಚಿತವಾಗಿ ಕೊಡದ ಕಾರ್ಡು ಕೆಳದರ್ಜೆಯದೆಂದೂ, ಬೆಲೆ ಹೆಚ್ಚಿರುವ ಪಾಸೇ ಹೆಚ್ಚು ಉಳಿಸುತ್ತದೆಂದೂ ಅನೇಕರು ಭಾವಿಸುತ್ತಾರೆ. ಭಾರತೀಯ ಪ್ರವಾಸಿಗಳ ಪಟ್ಟಿಯಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಯುಂಗ್‌ಫ್ರಾವ್‌ಯೋಖ್ ಈ ಭಾವನೆಯನ್ನು ಪರೀಕ್ಷಿಸಲು ತಕ್ಕ ಸ್ಥಳ. 1912ರಲ್ಲಿ ತೆರೆದ, 3454 ಮೀಟರ್ ಎತ್ತರದ ಆ ನಿಲ್ದಾಣಕ್ಕೆ ಹೋಗುವಾಗ ಸ್ವಿಸ್ ಟ್ರಾವೆಲ್ ಪಾಸು ಗ್ರಿಂಡೆಲ್ವಾಲ್ಡ್ ಅಥವಾ ವೆಂಗೆನ್‌ವರೆಗೆ ಪೂರ್ತಿ ನಡೆದು, ಅಲ್ಲಿಂದ ಮೇಲಕ್ಕೆ ಕೊಡುವುದು ಶೇಕಡಾ 25ರ ರಿಯಾಯಿತಿ ಮಾತ್ರ. ಹಾಫ್ ಫೇರ್ ಕಾರ್ಡು ಅದೇ ಭಾಗಕ್ಕೆ ಶೇಕಡಾ 50 ಕಡಿತ ಕೊಡುತ್ತದೆ. ಲೆಕ್ಕಕ್ಕೆಂದು ಆ ಮೇಲ್ಭಾಗದ ಪೂರ್ಣದರವನ್ನು 100 ಫ್ರಾಂಕ್ ಎಂದಿಟ್ಟುಕೊಂಡರೆ, ದುಬಾರಿ ಪಾಸು ಕೊಂಡವರು 75 ಫ್ರಾಂಕ್ ತೆರುವಲ್ಲಿ ಅಗ್ಗದ ಕಾರ್ಡು ಕೊಂಡವರು 50 ಫ್ರಾಂಕ್ ತೆರುತ್ತಾರೆ. ಪಾಸು ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕವೂ ಕಠಿಣವಾದದ್ದಲ್ಲ: ವಿಮಾನ ನಿಲ್ದಾಣದಿಂದ ಹೋಗಿ ಬರುವ ದಾರಿ ಸೇರಿದಂತೆ ಹತ್ತಲಿರುವ ಪ್ರತಿಯೊಂದು ರೈಲು ಮತ್ತು ಕೇಬಲ್ ಕಾರಿನ ಪೂರ್ಣದರವನ್ನು ಕೂಡಿಸಿ, ಮೊತ್ತದ ಅರ್ಧಕ್ಕೆ ಕಾರ್ಡಿನ ಬೆಲೆ ಸೇರಿಸಿ, ಬಂದ ಸಂಖ್ಯೆಯನ್ನು ಪಾಸಿನ ಬೆಲೆ ಹಾಗೂ ತುಂಡುಗೆರೆಗಳ ಮೇಲೆ ತೆರಬೇಕಾದ ಹಣದ ಮೊತ್ತದೊಂದಿಗೆ ಹೋಲಿಸಿದರೆ ಸಾಕು. ದಿನಕ್ಕೊಂದು ಊರು ಬದಲಿಸುವವರಿಗೆ ಪಾಸು ಗೆಲ್ಲುತ್ತದೆ. ಒಂದೆರಡು ಕಡೆ ನೆಲೆಯೂರಿ ದಿನವೂ ಎತ್ತರಕ್ಕೆ ಏರುವವರಿಗೆ ಕಾರ್ಡೇ ಲಾಭವಾಗುವುದು ಹೆಚ್ಚು. ಎರಡರಲ್ಲಿ ಯಾವುದನ್ನು ಕೊಂಡರೂ 6ರಿಂದ 15 ವರ್ಷದ ಮಕ್ಕಳು ಸ್ವಿಸ್ ಫ್ಯಾಮಿಲಿ ಕಾರ್ಡ್ ಎಂಬ ಉಚಿತ ಚೀಟಿಯ ಆಧಾರದಲ್ಲಿ ತಂದೆ ಅಥವಾ ತಾಯಿಯ ಜೊತೆ ಉಚಿತವಾಗಿ ಪ್ರಯಾಣಿಸಬಹುದಾದ್ದರಿಂದ, ಮಕ್ಕಳಿರುವ ಕುಟುಂಬವು ದೊಡ್ಡವರ ಲೆಕ್ಕವನ್ನಷ್ಟೇ ಹಾಕಿದರೆ ಸಾಲುತ್ತದೆ.

ಇನ್ನೊಂದು ಬಗೆಯ ಪಾಸನ್ನು ಹೊರಗಿನವರು ಬಹಳ ಬಾರಿ ಗಮನಿಸುವುದೇ ಇಲ್ಲ. ಪ್ರದೇಶಕ್ಕೆ ಸೀಮಿತವಾದ ಪಾಸು, ಇಡೀ ದೇಶದ ಪಾಸಿನ ಸಣ್ಣ ತುಣುಕು ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ವಾಸ್ತವದಲ್ಲಿ ಪ್ರಾದೇಶಿಕ ಪಾಸು ಅಗಲದಲ್ಲಿ ಕಿರಿದಾಗಿ ಎತ್ತರದಲ್ಲಿ ಹಿರಿದಾದದ್ದು. ಬರ್ನ್ ಪ್ರಾಂತ್ಯದ ಬೆಟ್ಟಸೀಮೆಗೆ ಮೀಸಲಾದ ಬರ್ನರ್ ಓಬರ್‌ಲ್ಯಾಂಡ್ ಪಾಸು, ತೂನ್ ಮತ್ತು ಬ್ರಿಯೆಂಟ್ಸ್ ಸರೋವರಗಳ ದೋಣಿಗಳ ಜೊತೆಗೆ ಮೆನ್ಲಿಖೆನ್, ಫಿರ್ಸ್ಟ್, ಶೀನಿಗೆ ಪ್ಲಾಟೆ, ಕ್ಲೈನೆ ಶೈಡೆಗ್‌ಗಳನ್ನೂ ಒಳಗೊಳ್ಳುತ್ತದೆ. ಮೇಲೆ ಹೇಳಿದ ನಡಿಗೆಯ ದಿನ ಪೂರ್ತಿಯಾಗಿ ಅದರೊಳಗೆ ಬರುತ್ತದೆ. ಯುಂಗ್‌ಫ್ರಾವ್‌ಯೋಖ್‌ನ ತುದಿಗೆ ಮಾತ್ರ ಇಲ್ಲಿಯೂ ಬೇರೆ ಹಣ ಬೇಕು. ಚಾರಣಿಗನಿಗೆ ಈ ಪಾಸು ಒಪ್ಪುವುದಕ್ಕೆ ಇನ್ನೂ ಒಂದು ಕಾರಣವಿದೆ. ಒಳ್ಳೆಯ ಬೆಟ್ಟದ ದಾರಿಗಳು ಹತ್ತಿದಲ್ಲೇ ಇಳಿಯುವುದಿಲ್ಲ; ಒಂದು ನಿಲ್ದಾಣದಲ್ಲಿ ಆರಂಭವಾಗಿ ಇನ್ನೊಂದರಲ್ಲಿ ಮುಗಿಯುತ್ತವೆ. ಶೀನಿಗೆ ಪ್ಲಾಟೆಯಿಂದ ಫೌಲ್‌ಹಾರ್ನ್ ಶಿಖರದ ಬಳಿ ಹಾದು ಫಿರ್ಸ್ಟ್‌ಗೆ ಬರುವ, ಸುಮಾರು 16 ಕಿಲೋಮೀಟರಿನ ದಾರಿ ಹಿಡಿದವರು ಹತ್ತುವುದು ಒಂದು ಕಂಪನಿಯ ರೈಲನ್ನು, ಇಳಿಯುವುದು ಬೇರೆಡೆಯ ಕೇಬಲ್ ಕಾರಿನಲ್ಲಿ. ಹೋಗಿಬರುವ ಟಿಕೆಟ್ಟಿನಲ್ಲಿ ಸಿಗುವ ಅನುಕೂಲ ಅವರಿಗೆ ಇಲ್ಲ, ಮಳೆ ಬಂದು ನಡುದಾರಿಯಲ್ಲಿ ಯೋಜನೆ ಬದಲಿಸಿದರೆ ಕೊಂಡ ಟಿಕೆಟ್ಟು ವ್ಯರ್ಥವಾಗುವ ಭಯವೂ ಇದೆ. ಪಾಸಿದ್ದವರು ಮುಂದೆ ಸಿಕ್ಕ ನಿಲ್ದಾಣದಲ್ಲಿ ನಿಶ್ಚಿಂತೆಯಿಂದ ಇಳಿದುಬಿಡಬಹುದು. ಹಾಫ್ ಫೇರ್ ಕಾರ್ಡು ಇದ್ದವರಿಗೆ ಈ ಪ್ರಾದೇಶಿಕ ಪಾಸೇ ಕಡಿಮೆ ಬೆಲೆಗೆ ಸಿಗುವುದರಿಂದ, ಎರಡನ್ನೂ ಕೂಡಿಸಿ ಕೊಳ್ಳುವುದು ಕೆಲವು ಯೋಜನೆಗಳಿಗೆ ಎಲ್ಲಕ್ಕಿಂತ ಹೊಂದುವ ದಾರಿ.

ಇಲ್ಲಿ ಶೀನಿಗೆ ಪ್ಲಾಟೆಯ ರೈಲಿನ ಬಗ್ಗೆ ಒಂದು ಮಾತು ಅಪ್ರಸ್ತುತವಾಗದು. ಎರಡು ಹಳಿಗಳ ನಡುವೆ ಹಲ್ಲುಳ್ಳ ಮೂರನೆಯ ಹಳಿಯಿದ್ದು, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಏರುವ ಈ ವ್ಯವಸ್ಥೆ ಊಟಿಯ ರೈಲಿನಲ್ಲಿ ಕೂತವರಿಗೆ ಅಪರಿಚಿತವಲ್ಲ. ಕೂನೂರಿನ ಕಡೆಗೆ ಏರುವ ಆ ನೀಲಗಿರಿ ಮಾರ್ಗದ ಹಲ್ಲುಹಳಿ ರೋಮನ್ ಆಬ್ಟ್ ಎಂಬ ಸ್ವಿಸ್ ಎಂಜಿನಿಯರನ ವಿನ್ಯಾಸ. ಅದರ ಹೆಸರಾಂತ ಉಗಿ ಎಂಜಿನ್ನುಗಳು ವಿಂಟರ್‌ಥೂರ್ ನಗರದ ಕಾರ್ಖಾನೆಯಲ್ಲಿ ತಯಾರಾದವು. ಇಂತಹ ಮಾರ್ಗವನ್ನು ಕಡಿದಾದ ಇಳಿಜಾರಿನಲ್ಲಿ ಸುರಕ್ಷಿತವಾಗಿ ನಡೆಸಲು ತಗಲುವ ವೆಚ್ಚವನ್ನು ನೆನೆದರೆ, ಬೆಟ್ಟದ ಕೊನೆಯ ಕೆಲವು ಕಿಲೋಮೀಟರುಗಳ ದರ ಏಕೆ ಅಷ್ಟೊಂದು ಎಂಬುದು ಅರ್ಥವಾಗುತ್ತದೆ.

ದಿನಗಳ ಎಣಿಕೆಯಲ್ಲಿಯೂ ಒಂದು ಎಡವಟ್ಟು ಪದೇ ಪದೇ ಕಾಣುತ್ತದೆ. ಎಂಟು ದಿನದ ರಜೆಗೆ ಎಂಟು ದಿನದ ಪಾಸೇ ಬೇಕೆಂದು ತೋರುವುದು ಸಹಜ, ಆದರೆ ವಸತಿಯ ಬಾಗಿಲಿನಿಂದಲೇ ಕಾಲ್ನಡಿಗೆಯಲ್ಲಿ ಹೊರಟು ಅಲ್ಲಿಗೇ ಮರಳುವ ದಿನಗಳಲ್ಲಿ, ಮಳೆ ಹಿಡಿದು ಕೂತ ದಿನಗಳಲ್ಲಿ ಪಾಸು ಸುಮ್ಮನೆ ಕರಗುತ್ತದೆ. ಸಾಮಾನ್ಯ ಪಾಸಿನ ದಿನಗಳು ಒಂದರ ಹಿಂದೊಂದು ಎಣಿಕೆಯಾಗುತ್ತವೆ. ಫ್ಲೆಕ್ಸ್ ಎಂಬ ಬಗೆಯಲ್ಲಿ ಒಂದು ತಿಂಗಳೊಳಗೆ ಬೇಕಾದ ದಿನಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು, ಅದಕ್ಕೆ ಬೆಲೆ ಸ್ವಲ್ಪ ಹೆಚ್ಚು. ಆಲ್ಪ್ಸ್ ಬೆಟ್ಟಗಳ ಹವೆಯನ್ನು ಬಲ್ಲವರು ಈ ಹೆಚ್ಚಿನ ಬೆಲೆಯನ್ನು ದಂಡವೆಂದು ಎಣಿಸಲಾರರು. ಮುಂಗಡವಾಗಿ ಕೊಂಡಷ್ಟೂ ಅಗ್ಗವೆಂಬ ಮಾತು ಸೇವರ್ ಡೇ ಪಾಸ್ ಎಂಬ ಒಂದು ದಿನದ ಟಿಕೆಟ್ಟಿಗೆ ನಿಜ. ಅದು ನಿಶ್ಚಿತ ದಿನಾಂಕಕ್ಕೆ ಕಟ್ಟುಬಿದ್ದದ್ದಾದ್ದರಿಂದ ವಿಮಾನದಿಂದಿಳಿದು ಬೆಟ್ಟದ ಊರಿಗೆ ಹೋಗುವ ದಿನಕ್ಕೆ ಸರಿಹೊಂದುತ್ತದೆಯೇ ಹೊರತು, ಮೋಡ ನೋಡಿ ನಿರ್ಧರಿಸಬೇಕಾದ ದಿನಕ್ಕಲ್ಲ.

ಯುರೇಲ್ ಪಾಸು ಯುರೋಪಿನ ಹಲವು ದೇಶಗಳಲ್ಲಿ ನಡೆಯುವುದರಿಂದ ಬೆಟ್ಟದ ಹಳ್ಳಿಗೂ ಸಾಕೆಂಬ ಎಣಿಕೆ ತಪ್ಪು. ಅದು ಬರ್ನ್‌ನಿಂದ ಇಂಟರ್‌ಲಾಕೆನ್ ಓಸ್ಟ್ ನಿಲ್ದಾಣದವರೆಗೆ ನಡೆದು, ಅಲ್ಲಿಂದ ಮುಂದಿನ ರೈಲುಗಳಲ್ಲಿ ರಿಯಾಯಿತಿಯಷ್ಟೇ ಕೊಡುತ್ತದೆ, ಹಳ್ಳಿಹಳ್ಳಿಗೆ ಹೋಗುವ ಹಳದಿ ಅಂಚೆ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಸೀಟು ಕಾಯ್ದಿರಿಸುವ ಆತಂಕವೂ ಬಹುಪಾಲು ಅನವಶ್ಯಕ: ಗ್ಲೇಷಿಯರ್ ಎಕ್ಸ್‌ಪ್ರೆಸ್, ಬರ್ನಿನಾ ಎಕ್ಸ್‌ಪ್ರೆಸ್‌ನಂತಹ ಕೆಲವು ರೈಲುಗಳಿಗೆ ಮಾತ್ರ ಅದು ಕಡ್ಡಾಯ, ಅದೇ ಹಳಿಯ ಮೇಲೆ ಓಡುವ ಸಾಮಾನ್ಯ ರೈಲುಗಳಿಂದ ಅದೇ ನೋಟ ಕಾಣುತ್ತದೆ. ತಂಗುವ ಊರಿನಲ್ಲಿ ಕೊಡುವ ಅತಿಥಿ ಕಾರ್ಡನ್ನು ಮಾತ್ರ ಲಘುವಾಗಿ ಕಾಣಬಾರದು. ಇಂಟರ್‌ಲಾಕೆನ್‌ನಲ್ಲಿ ಅದು ಸ್ಥಳೀಯ ಬಸ್ಸುಗಳನ್ನು ಉಚಿತವಾಗಿಸುತ್ತದೆ. ದಕ್ಷಿಣದ ಟಿಚೀನೋ ಪ್ರಾಂತ್ಯದಲ್ಲಿ ರಾತ್ರಿ ತಂಗುವವರಿಗೆ ಟಿಚೀನೋ ಟಿಕೆಟ್ ಹೆಸರಿನಲ್ಲಿ ಇಡೀ ಪ್ರಾಂತ್ಯದ ಸಾರ್ವಜನಿಕ ಸಾರಿಗೆಯೇ ಉಚಿತವಾಗಿ ದೊರೆಯುವಾಗ, ಅಲ್ಲಿ ನಡೆಯುವ ದಿನಗಳಿಗೆ ಬೇರೆ ಪಾಸು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಕರ್ನಾಟಕದಿಂದ ಹೋಗುವವರ ವಿಷಯದಲ್ಲಿ ಪಾಸಿನ ಆಯ್ಕೆಯನ್ನು ಕೊನೆಗೂ ನಿರ್ಧರಿಸುವುದು ಶಾಲೆಗಳ ಬೇಸಿಗೆ ರಜೆ. ಆಲ್ಪ್ಸ್‌ನ ಬೇಸಿಗೆಯೂ ಏಪ್ರಿಲ್, ಮೇ ತಿಂಗಳಲ್ಲೇ ಆರಂಭವಾಗುತ್ತದೆಂದು ತಿಳಿದು ಚಾರಣಕ್ಕೆ ಸಿದ್ಧರಾಗುವುದು ಇನ್ನೊಂದು ತಪ್ಪು ಎಣಿಕೆ. ಆ ಹೊತ್ತಿಗೆ 2000 ಮೀಟರಿಗೆ ಮೇಲಿನ ದಾರಿಗಳು ಸಾಮಾನ್ಯವಾಗಿ ಹಿಮದಡಿಯಲ್ಲಿರುತ್ತವೆ, ಹಲವು ಕೇಬಲ್ ಕಾರುಗಳು ವಾರ್ಷಿಕ ದುರಸ್ತಿಗೆಂದು ನಿಂತಿರುತ್ತವೆ, ಶೀನಿಗೆ ಪ್ಲಾಟೆಯ ರೈಲು ಓಡತೊಡಗುವುದು ಜೂನ್ ಹೊತ್ತಿಗೆ. ಜುಲೈ, ಆಗಸ್ಟ್ ತಿಂಗಳ ಚಾರಣಿಗನಿಗೆ ಅಷ್ಟಾಗಿ ಒಗ್ಗದ ಸ್ವಿಸ್ ಟ್ರಾವೆಲ್ ಪಾಸೇ ಮೇ ತಿಂಗಳ ಅತಿಥಿಗೆ ಹೊಂದಿಕೊಳ್ಳುವುದು ಇದೇ ಕಾರಣಕ್ಕೆ. ಆಗ ನಡೆಯಲು ಸಿಗುವುದು 297 ಮೀಟರ್ ಎತ್ತರದಿಂದ ಧುಮುಕುವ ಷ್ಟೌಬಾಖ್ ಜಲಪಾತದ ಕೆಳಗಿನ ಲೌಟರ್‌ಬ್ರುನ್ನೆನ್ ಕಣಿವೆ ಮತ್ತು ಬ್ರಿಯೆಂಟ್ಸ್ ಸರೋವರದ ದಡದ ಕಾಡುದಾರಿ. ಅಲ್ಲಿನ ಹಳದಿ ಕೈಮರಗಳ ಮೇಲೆ ದೂರದ ಬದಲು ನಡಿಗೆಯ ಸಮಯ ಬರೆದಿರುತ್ತದೆ, ನಿಂತು ನೋಡುವ ಹೊತ್ತನ್ನು ಅದರಲ್ಲಿ ಸೇರಿಸಿರುವುದಿಲ್ಲ. ಆ ದಾರಿಗಳಿಗೆ ಕರೆದೊಯ್ಯುವ ರೈಲು, ಬಸ್ಸು, ದೋಣಿಗಳು ನಕ್ಷೆಯ ಅಖಂಡ ಗೆರೆಗಳ ಮೇಲೆಯೇ ಇವೆ.