ಅಷ್ಟಭೋಗ: ಗೊತ್ತಿರುವ ಪದಗಳೇ ಕಷ್ಟ ಕೊಡುವಾಗ

ಕಳೆದ ತಿಂಗಳು ಪರಿಚಯದವರೊಬ್ಬರು ತಮ್ಮ ಅಜ್ಜನ ಕಾಲದ ಕ್ರಯಪತ್ರ ಹಿಡಿದು ಬಂದರು. “ಇದರಲ್ಲಿ ಬಾವಿ ಅನ್ನೋ ಮಾತೇ ಇಲ್ಲ, ಹಾಗಾದ್ರೆ ಬಾವಿ ನಮ್ಮದಲ್ವಾ ಸರ್?” ಅನ್ನೋದು ಅವರ ಆತಂಕ. ನಾನು ಪತ್ರದ ಕೊನೆಯ ಸಾಲುಗಳನ್ನು ತೋರಿಸಿದೆ. ಅಲ್ಲಿ ‘ಜಲ’ ಇತ್ತು. ವಿಜಯನಗರ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಒಕ್ಕಣೆಯೇ ಅದು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ ತೇಜಸ್ವಾಮ್ಯ.

ಸಾಮಾನ್ಯವಾಗಿ ಹೇಳುವ ಅರ್ಥ ಹೀಗೆ. ನಿಧಿ ಅಂದರೆ ಹೂತಿಟ್ಟ ಧನ, ನಿಕ್ಷೇಪ ಅಂದರೆ ನೆಲದೊಳಗೆ ಇರಿಸಿದ್ದು. ಜಲ ಮತ್ತು ಪಾಷಾಣ ಆ ನೆಲದ ನೀರು, ಕಲ್ಲು. ಅಕ್ಷೀಣಿ ಕುಂದದೆ ಬರುವ ಆದಾಯ, ಆಗಾಮಿ ಮುಂದೆ ಬರುವಂಥದ್ದು. ಸಿದ್ಧ ಈಗಾಗಲೇ ಕೈಗೂಡಿದ್ದು, ಸಾಧ್ಯ ಇನ್ನು ದುಡಿದು ಪಡೆಯಬಹುದಾದದ್ದು.

ಓದೋಕೆ ಸುಲಭ. ಆದರೆ ‘ನಿಕ್ಷೇಪ’ವನ್ನೇ ನೋಡಿ. ಧರ್ಮಶಾಸ್ತ್ರದಲ್ಲಿ ಅದು ನಂಬಿಕೆಯಿಂದ ಒಬ್ಬರ ಬಳಿ ಇಟ್ಟ ಠೇವಣಿ. ಮನುಸ್ಮೃತಿಯ 18 ವ್ಯವಹಾರಪದಗಳಲ್ಲಿ ಒಂದು. ಎಣಿಸಿ ತೋರಿಸಿ ಇಟ್ಟರೆ ನಿಕ್ಷೇಪ, ಮುದ್ರೆ ಹಾಕಿ ಇಟ್ಟರೆ ಉಪನಿಧಿ. ಠೇವಣಿ ಇಟ್ಟವನಿಗೇ ಹಿಂದಿರುಗಬೇಕು, ಭೂಮಿಯ ಜೊತೆ ಅದನ್ನು ದಾನ ಕೊಡೋಕೆ ಹೇಗೆ ಸಾಧ್ಯ? ಹಾಗಾಗಿ ಶಾಸನದ ನಿಕ್ಷೇಪಕ್ಕೆ ಸ್ಮೃತಿಯ ಅರ್ಥ ಹೊಂದುವುದಿಲ್ಲ. ಪದ ಒಂದೇ, ಬಳಕೆ ಬೇರೆ. ಇನ್ನು ಆಗಾಮಿಗೂ ಸಾಧ್ಯಕ್ಕೂ ಗೆರೆ ಎಳೆಯೋದು ಮತ್ತೂ ಕಷ್ಟ. ಎರಡೂ ನಾಳೆಯ ಮಾತೇ.

ನನ್ನ ಮಟ್ಟಿಗೆ, ಈ ಪಟ್ಟಿಯನ್ನು ನಿಘಂಟಿನಂತೆ ಓದುವುದೇ ತಪ್ಪು. ಬರೆದವನ ಉದ್ದೇಶ ಪ್ರತಿ ಪದಕ್ಕೂ ಲಕ್ಷಣ ಹೇಳುವುದಲ್ಲ, ಮುಂದೆ ಯಾರೂ “ಇದು ಸೇರಿಲ್ಲ” ಅನ್ನದಂತೆ ಬೇಲಿ ಹಾಕುವುದು. ಅದಕ್ಕೇ ಪದಗಳು ಜೋಡಿಜೋಡಿಯಾಗಿ ಬರುತ್ತವೆ, ಒಂದರ ಮೇಲೊಂದು ಹಾಯುತ್ತವೆ. ಕೆಲವು ಕ್ರಯಪತ್ರಗಳಲ್ಲಿ ‘ತರು’ವೂ ಸೇರಿ ಒಂಬತ್ತಾಗುತ್ತದೆ, ಹೆಸರು ಮಾತ್ರ ಅಷ್ಟಭೋಗವೇ!

ಪರಿಚಯದವರಿಗೂ ಇಷ್ಟೇ ಹೇಳಿದೆ: ಮಾರಿದವರು ನೀರನ್ನು ಹೊರಗಿಟ್ಟಿರಲಿಲ್ಲ ಅನ್ನೋದಕ್ಕೆ ಈ ಪದ ಆಧಾರ. ಇವತ್ತಿನ ಹಕ್ಕು ಎಷ್ಟು ಅನ್ನೋದನ್ನು ವಕೀಲರ ಬಳಿ ಕೇಳಿ. ಶಾಸನ ಓದುವವರೂ ಅಷ್ಟೇ. ‘ಮಾಮೂಲಿ ಒಕ್ಕಣೆ’ ಅಂತ ಈ ಸಾಲನ್ನು ಹಾರಿಸಬೇಡಿ. ಯಾರದೋ ಬಾವಿ ಅದರೊಳಗೆ ಇರಬಹುದು.