ಫೋರ್ಡ್ ಸಾಹುಕಾರರ ರಬ್ಬರು ಪಟ್ಟಣ

ಅಗ್ಗದ ಮೋಟಾರನ್ನು ಜನಸಾಮಾನ್ಯರಿಗೆ ಎಟುಕಿಸಿದ ಅಮೆರಿಕದ ಹೆನ್ರಿ ಫೋರ್ಡರ ಕೀರ್ತಿಯು ವಾಚಕರಿಗೆ ಹೊಸದಲ್ಲ. ಆದರೆ ಆ ಮಹಾಶಯರು 1919ರಲ್ಲಿ ನಡೆಸಿದ ಒಂದು ವ್ಯವಹಾರವನ್ನು ಬಲ್ಲವರು ವಿರಳ. ಲಾಭವನ್ನು ಪಾಲುದಾರರಿಗೆ ಹಂಚದೆ ಕಾರ್ಖಾನೆಗೇ ಸುರಿಯುವೆನೆಂಬ ಅವರ ಹಟವನ್ನು ಡಾಜ್ ಸಹೋದರರು ನ್ಯಾಯಸ್ಥಾನಕ್ಕೆ ಒಯ್ದು ಗೆದ್ದರು. ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸುವ ಈ ಉಪದ್ರವವೇ ಬೇಡವೆಂದು ಫೋರ್ಡರು ಅದೇ ವರ್ಷ ಹತ್ತು ಕೋಟಿ ಡಾಲರಿಗೂ ಮಿಕ್ಕ ಹಣ ತೆತ್ತು ಇತರರ ಷೇರುಗಳನ್ನೆಲ್ಲ ಕೊಂಡುಬಿಟ್ಟರು. ಕಂಪೆನಿಯು ಒಂದೇ ಕುಟುಂಬದ ಸೊತ್ತಾಯಿತು. ಷೇರುಗಳು ಮತ್ತೆ ಸಾರ್ವಜನಿಕರಿಗೆ ದೊರೆತುದು 1956ರಲ್ಲಿ.

ಯಜಮಾನರ ಮನಸ್ಸು ಹರಿದೆಡೆಗೆ ಕಂಪೆನಿಯೂ ಹರಿಯಿತು. ಮೋಟಾರಿಗಾಗಿ ಕೊಯ್ದ ಮರದ ಚೂರುಗಳಿಂದ ಇದ್ದಿಲಿನ ಬಿಲ್ಲೆ ಮಾಡಿ ಮಾರಿದರು. ಸೋಯಾ ಅವರೆಯ ಎಣ್ಣೆಯಿಂದ ಬಣ್ಣ ತಯಾರಿಸಿದರು. ಇವು ಮೆಚ್ಚತಕ್ಕ ಉಪಾಯಗಳೇ ಸರಿ. ಆದರೆ ‘ಡಿಯರ್‌ಬಾರ್ನ್ ಇಂಡಿಪೆಂಡೆಂಟ್’ ಎಂಬ ವಾರಪತ್ರಿಕೆಯನ್ನೂ ಕೊಂಡು, 1920ರಿಂದ ಅದರಲ್ಲಿ ಯೆಹೂದ್ಯರ ಮೇಲೆ ವಿಷ ಕಾರಿಸಿದರು. ಅದನ್ನು ಊರೂರಿಗೆ ಹಂಚುವ ಹೊರೆ ಮೋಟಾರು ಮಾರುವ ಏಜೆಂಟರ ತಲೆಯ ಮೇಲೆ ಬಿತ್ತು. ಮಾನನಷ್ಟದ ದಾವೆ ಬಂದ ಬಳಿಕ, 1927ರಲ್ಲಿ, ಕ್ಷಮೆ ಕೇಳಿ ಪತ್ರಿಕೆಯನ್ನು ನಿಲ್ಲಿಸಿದರು. ಚಂದಾದಾರರ ಕಾಸನ್ನು ನಂಬಿ ಪತ್ರಿಕೆ ನಡೆಸುವ ನಮ್ಮಂಥವರಿಗೆ ಓದುಗರ ಅಂಜಿಕೆಯಾದರೂ ಉಂಟು. ಮೋಟಾರಿನ ಲಾಭವನ್ನು ಉಂಡು ಬೆಳೆದ ಪತ್ರಿಕೆಗೆ ಯಾರ ಅಂಜಿಕೆ?

ಅದೇ 1927ರಲ್ಲಿ ಬ್ರೆಜಿಲ್ ದೇಶದ ತಪಜೋಸ್ ನದಿಯ ದಡದಲ್ಲಿ ಸುಮಾರು 25 ಲಕ್ಷ ಎಕರೆ ಅರಣ್ಯವು ಫೋರ್ಡರ ವಶವಾಯಿತು. ಸಿಂಹಳ, ಮಲಯಾಗಳ ರಬ್ಬರಿನ ರಫ್ತನ್ನು ಬ್ರಿಟಿಷರು 1922ರಿಂದ ಬಿಗಿಹಿಡಿದು ಬೆಲೆ ಏರಿಸಿದ್ದುದರಿಂದ, ಗಾಲಿಯ ರಬ್ಬರನ್ನು ತಾವೇ ಬೆಳೆಯಬೇಕೆಂದು ಅವರ ಸಂಕಲ್ಪ. ಸಂಕಲ್ಪದಲ್ಲಿ ದೋಷವಿಲ್ಲ. ಪರರ ಮುಷ್ಟಿಯಿಂದ ಬಿಡಿಸಿಕೊಳ್ಳಬೇಕೆಂಬವನನ್ನು ನಾವು ಹಳಿಯಲಾರೆವು. ಆದರೆ 1928ರಲ್ಲಿ ಆ ನಿರ್ಬಂಧವೇ ರದ್ದಾದರೂ ಫೋರ್ಡರು ಹಿಂಜರಿಯಲಿಲ್ಲ. ‘ಫೋರ್ಡ್‌ಲ್ಯಾಂಡಿಯ’ ಎಂಬ ಪಟ್ಟಣವನ್ನೇ ಕಟ್ಟಿಸಿದರು: ಅಮೆರಿಕದ ಮಾದರಿಯ ಮನೆಗಳು, ಆಸ್ಪತ್ರೆ, ಮದ್ಯನಿಷೇಧ, ಅಮೆರಿಕದ ಕುಣಿತ. ಕಾಡಿನ ಕೂಲಿಗಳಿಗೆ ಗಂಟೆ ಹೊಡೆಯುವ ಹಾಜರಿ ಯಂತ್ರ, ಯಜಮಾನರಿಗೆ ಹಿತವೆಂದು ತೋರಿದ ಆಹಾರ. 1930ರ ಡಿಸೆಂಬರಿನಲ್ಲಿ ಊಟದ ಸಾಲಿನಲ್ಲೇ ದಂಗೆಯೆದ್ದಿತು. ಕೂಲಿಗಳು ಆ ಯಂತ್ರಗಳನ್ನು ಪುಡಿಮಾಡಿದರು, ಅಧಿಕಾರಿಗಳು ಹಡಗು ಹತ್ತಿ ಪ್ರಾಣ ಉಳಿಸಿಕೊಂಡರು.

ಮನುಷ್ಯರನ್ನು ಸಂತೈಸಬಹುದಿತ್ತು, ಮರವು ಸಂಬಳಕ್ಕೆ ಬಗ್ಗುವುದಲ್ಲ. ರಬ್ಬರು ಗಿಡವು ಆ ಅರಣ್ಯದಲ್ಲಿ ಅಲ್ಲೊಂದು ಇಲ್ಲೊಂದಾಗಿ ಬೆಳೆಯುತ್ತದೆ. ಎಲೆಗಳನ್ನು ಕೊಲ್ಲುವ ಬೂಷ್ಟು ರೋಗವೊಂದು ಅಲ್ಲಿಯದೇ ಆದುದರಿಂದ, ಆ ದೂರವೇ ಅದಕ್ಕೆ ರಕ್ಷೆ. ರಬ್ಬರನ್ನು ಬಲ್ಲ ಸಸ್ಯಶಾಸ್ತ್ರಜ್ಞರನ್ನು ಮೊದಲ ವರ್ಷಗಳಲ್ಲಿ ವಿಚಾರಿಸದೆ, ಕಾರ್ಖಾನೆಯ ಯಂತ್ರಗಳಂತೆ ಗಿಡಗಳನ್ನು ಸಾಲುಗಟ್ಟಿ ನೆಟ್ಟರು. ಕೊಂಬೆಗೆ ಕೊಂಬೆ ತಾಗಿದೊಡನೆ ರೋಗವು ಸಾಲಿನಿಂದ ಸಾಲಿಗೆ ಹಾರಿತು. 1876ರಲ್ಲಿ ವಿಕ್ಹಮ್ ಎಂಬ ಆಂಗ್ಲನು ಇದೇ ತಪಜೋಸ್ ಪ್ರಾಂತದಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ್ದನು. ಅವುಗಳ ಸಂತತಿಯೇ ಸಿಂಹಳ, ಮಲಯಾಗಳಲ್ಲಿ ಹಬ್ಬಿತು; ನಮ್ಮ ಕೇರಳದ ತೋಟಗಳಿಗೂ ಅದೇ ಮೂಲ. ಬೀಜ ದಾಟಿತು, ರೋಗ ದಾಟಲಿಲ್ಲ. ತವರಿನಲ್ಲಿ ಸಾಯುವ ಮರವು ಪರದೇಶದಲ್ಲಿ ಸೊಂಪಾಗಿ ಬೆಳೆದುದಕ್ಕೆ ಕಾರಣ ಇಷ್ಟೆ. ಕೇಳಿದ್ದರೆ ಯಾವ ತಜ್ಞನಾದರೂ ಇದನ್ನು ಹೇಳುತ್ತಿದ್ದನು.

1934ರಲ್ಲಿ ನದಿಯ ಕೆಳಭಾಗದ ಬೆಲ್ಟೆರ್ರಾದಲ್ಲಿ ಪುನಃ ಪ್ರಯತ್ನಿಸಿದರು; ಅಲ್ಲಿಗೂ ರೋಗ ಬಂದಿತು. ಪಾಲುದಾರರಿದ್ದಿದ್ದರೆ ಎರಡನೆಯ ವರ್ಷವೇ ಸಭೆಯಲ್ಲಿ ಎದ್ದುನಿಂತು ಪ್ರಶ್ನಿಸುತ್ತಿದ್ದರು. ಇಲ್ಲಿ ಪ್ರಶ್ನೆ ಕೇಳಿದವನು ಫೋರ್ಡರ ಮೊಮ್ಮಗ. 1945ರಲ್ಲಿ ಆಡಳಿತ ಕೈಗೆ ಬಂದೊಡನೆ, ಸುಮಾರು ಎರಡು ಕೋಟಿ ಡಾಲರು ನುಂಗಿದ್ದ ಆ ತೋಟಗಳನ್ನು ಅವನು ಬ್ರೆಜಿಲ್ ಸರಕಾರಕ್ಕೆ ಎರಡೂವರೆ ಲಕ್ಷ ಡಾಲರಿನಷ್ಟಕ್ಕೆ ಬಿಟ್ಟುಕೊಟ್ಟನು. ತಮ್ಮ ಹೆಸರು ಹೊತ್ತ ಆ ಪಟ್ಟಣಕ್ಕೆ ಹಿರಿಯ ಫೋರ್ಡರು ಒಮ್ಮೆಯೂ ಕಾಲಿಟ್ಟಿರಲಿಲ್ಲ.