ಕೆಂಪು ಎಚ್ಚರಿಕೆಯೂ ಘಟಪ್ರಭೆಯ ನೀರೂ

ಟಿ.ವಿ.ಯಲ್ಲಿ ‘ರೆಡ್ ಅಲರ್ಟ್’ ಎಂದು ಕೂಗಿದೊಡನೆ ಧುಪದಾಳದ ಜನ ಮುಗಿಲು ನೋಡುತ್ತಾರೆ. ಹನಿ ಉದುರದಿದ್ದರೆ ನಗುತ್ತಾರೆ. ಆ ನಗೆಯನ್ನು ನಾವು ತಪ್ಪೆನ್ನಲಾರೆವು. ದಿನವೊಂದಕ್ಕೆ 204.4 ಮಿಲಿಮೀಟರಿಗೂ ಮಿಕ್ಕ ಮಳೆಯ ಸಂಭವವಿದ್ದೆಡೆಗೆ ಸಾಮಾನ್ಯವಾಗಿ ಸಲ್ಲುವ ಬಣ್ಣವನ್ನು ವಾಹಿನಿಗಳು ನಾಡಿಗೆಲ್ಲ ಬಳಿಯುತ್ತವೆ.

ಆದರೆ ಇಲ್ಲಿಯ ಭಯವಿರುವುದು ನಮ್ಮ ಮುಗಿಲಿನಲ್ಲಲ್ಲ. ಅಂಬೋಲಿ ಘಟ್ಟದಲ್ಲಿ ಹುಟ್ಟಿದ ಹಿರಣ್ಯಕೇಶಿ ಘಟಪ್ರಭೆಯನ್ನು ಸೇರುತ್ತದೆ. ಹಿಡಕಲ್ ಜಲಾಶಯದ ಬಾಗಿಲು ತೆರೆದರೆ ಆ ನೀರೂ ಧುಪದಾಳದ ಒಡ್ಡನ್ನು ಹಾಯ್ದೇ ಕೆಳಗಿಳಿಯಬೇಕು. ಘಟ್ಟದಲ್ಲಿ ಸುರಿದುದಕ್ಕೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟಿನಲ್ಲಿ ಗೋಕಾಕದ ಓಣಿಗಳಿಗೆ ನೀರು ನುಗ್ಗಿದ್ದನ್ನು ಮರೆತವರಾರು?

ಎಷ್ಟು ಕ್ಯೂಸೆಕ್ ಬಿಟ್ಟರು, ಎಷ್ಟು ಹೊತ್ತಿಗೆ ಇಲ್ಲಿ ಮುಟ್ಟೀತು—ಡಂಗುರದವನು ಇಷ್ಟು ಸಾರಿದರೆ ದಂಡೆಯವರು ದನಕರುಗಳ ಹಗ್ಗ ಬಿಚ್ಚಿ ದಿಬ್ಬ ಸೇರಿಯಾರು.